ಗೋಡೆಯಾಚೆ ನನ್ನ ಹೆಸರು

ಶಿಕಾರಿಪುರದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಗೂ ಮನೆಯೊಡತಿಯ ಅಡುಗೆಮನೆಗೂ ನಡುವೆ ಇದ್ದ ಗೋಡೆ ಹಂಚಿನವರೆಗೆ ಹೋಗಿರಲಿಲ್ಲ. ತೊಲೆಯ ಮಟ್ಟಕ್ಕೆ ನಿಂತುಬಿಟ್ಟಿತ್ತು. ಅವರು ಒಗ್ಗರಣೆ ಹಾಕಿದರೆ ಈಚೆ ನನಗೆ ಕೆಮ್ಮು ಬರುತ್ತಿತ್ತು. ನಾನು ಕೆಮ್ಮಿದರೆ ಆಚೆಯಿಂದ ಅವರು ಕಿಟಕಿ ತೆಗೆಯಲು ಹೇಳುತ್ತಿದ್ದರು. ಮೊದಲ ಕೆಲವು ವಾರ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಊರಿನವರು ಅವರನ್ನು ಟೆಲಿಫೋನಮ್ಮ ಎಂದು ಕರೆಯುತ್ತಿದ್ದರು. ಸೊರಬದಲ್ಲಿ ಹುಟ್ಟಿ, ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಆಮೇಲೆ ಶಿಕಾರಿಪುರಕ್ಕೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕ್ರೈಸ್ತರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ತೆಳು ಬಣ್ಣದ ಸೀರೆ ಉಟ್ಟು, ಕೊಡೆಯನ್ನು ಊರುಗೋಲಿನ ಹಾಗೆ ಹಿಡಿದು ಚರ್ಚಿಗೆ ನಡೆದು ಹೋಗುತ್ತಿದ್ದರು. ಬಂದವರು ಅನ್ನ ಮಾಡಿ ಉಂಡು ನಿದ್ದೆ ಮಾಡುತ್ತಿದ್ದರು. ಅವರ ಬಗ್ಗೆ ನನಗೆ ಆಗ ಗೊತ್ತಿದ್ದದ್ದು ಇಷ್ಟು.

ನಾನು ಬಳ್ಳಿಗಾವಿ ಕಡೆಯವಳು. ನಮ್ಮದು ಕುರಿ ಸಾಕುವ, ಒಂದಿಷ್ಟು ಮೆಕ್ಕೆಜೋಳ ಹಾಕುವ ಮನೆ. ನನ್ನನ್ನು ಉಳವಿಗೆ ಕೊಟ್ಟಿದ್ದರು. ಗಂಡ ಸೊರಬದಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ. ನಮಗೆ ಮಕ್ಕಳಾಗಲಿಲ್ಲ. ಅವನು ಮನೆಗೆ ಬರುವುದು ಮೊದಲು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಒಂದು ದಿನ ಬಂದವನು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು, ಸೊರಬದಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿರುವುದಾಗಿ ಹೇಳಿದ. ನೀನು ಇರುವುದಾದರೆ ಇರು, ಹೋಗುವುದಾದರೆ ಹೋಗು ಎಂದ. ಜಗಳವನ್ನೂ ಆಡಲಿಲ್ಲ. ಜಗಳವಾಡಿದ್ದರೆ ಮುಂದೆ ನೆನೆಸಿಕೊಂಡು ಬೈಯಲು ನನಗೊಂದಿಷ್ಟು ಮಾತಾದರೂ ಸಿಗುತ್ತಿತ್ತು.

ನಾನು ತವರಿಗೆ ಹೊರಟ ದಿನ ಅತ್ತೆ ಬಸ್ಸಿನವರೆಗೂ ಬಂದಳು. ಮಗನ ಪರವಾಗಿ ಒಂದು ಮಾತೂ ಆಡದೆ, ಅಕ್ಕಿ ಕಟ್ಟಿದ್ದ ಗಂಟನ್ನು ನನ್ನ ತೊಡೆಯ ಮೇಲಿಟ್ಟು ಕೆಳಗಿಳಿದಳು. ಬಸ್ಸು ತಿರುಗುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅಣ್ಣನ ಮನೆಯಲ್ಲಿ ಯಾರೂ ನನ್ನನ್ನು ನೋಯಿಸಲಿಲ್ಲ. ಆದರೆ ಮನೆ ಸಣ್ಣದು, ಮಕ್ಕಳು ಬೆಳೆದಿದ್ದರು. ಅತ್ತಿಗೆ ನನ್ನ ಸೀರೆಗಳನ್ನು ಇಡಲು ಜಾಗ ಹುಡುಕುತ್ತಾ ನಿಂತದ್ದನ್ನು ನೋಡಿದಾಗ, ಅಲ್ಲಿ ಬಹಳ ದಿನ ಇರಲಾಗದೆಂದು ನನಗೆ ತಿಳಿಯಿತು. ಶಿಕಾರಿಪುರದ ಒಂದು ಗಾದಿ ಅಂಗಡಿಯಲ್ಲಿ ಹೊಲಿಗೆಯವರು ಬೇಕು ಎಂದು ಯಾರೋ ಹೇಳಿದರು. ಅಂಗಡಿ ಒಬ್ಬ ಸಾಹೇಬರದು. ಅವರೂ ಮಕ್ಕಳೂ ಹತ್ತಿ ಹಿಂಜುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕುಳಿತು ಪಟ್ಟೆ ಬಟ್ಟೆಯ ಗವಸುಗಳನ್ನು ಹೊಲಿಯುತ್ತಿದ್ದೆ. ಸಂಜೆ ಹೊತ್ತಿಗೆ ಹುಬ್ಬಿನ ಮೇಲೂ ಹತ್ತಿ ಕೂತಿರುತ್ತಿತ್ತು. ಟೆಲಿಫೋನಮ್ಮನ ಮನೆಯ ಹಿಂದೆ ಕೋಣೆ ಖಾಲಿಯಿದೆ ಎಂದು ಹೇಳಿ, ಜೊತೆಗೆ ಬಂದು ತೋರಿಸಿದವರು ಸಾಹೇಬರ ಹೆಂಡತಿ.

ಬಾಡಿಗೆಗೆ ಬಂದ ದಿನ ನಮ್ಮ ಮನೆದೇವರ ಪಟ ನೇತುಹಾಕಲು ಮೊಳೆ ಹುಡುಕುತ್ತಿದ್ದೆ. ಕ್ರೈಸ್ತರ ಮನೆ, ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಇತ್ತು. ಟೆಲಿಫೋನಮ್ಮ ಒಳಗಿನಿಂದ ಸುತ್ತಿಗೆ ತಂದು, ಬೆಳಕು ಬೀಳುವ ಜಾಗ ನೋಡಿ ತಾವೇ ಮೊಳೆ ಹೊಡೆದು ಹೋದರು.

ಆ ದಿನಗಳಲ್ಲಿ ಒಂಟಿತನವೆಂದರೆ ನನಗೆ ಸಂಜೆಯ ಹೊತ್ತು. ಹಗಲು ಮಿಷನ್ನಿನ ಸದ್ದಿನಲ್ಲಿ ಕಳೆದುಹೋಗುತ್ತಿತ್ತು. ಸಂಜೆ ಬಂದು ದೀಪ ಹಾಕಿ, ಒಬ್ಬಳಿಗೆ ಎಷ್ಟು ಅನ್ನ ಬೇಕೆಂಬ ಅಂದಾಜು ಸಿಗದೆ ದಿನವೂ ಉಳಿಸಿ, ಅದನ್ನೇ ಬೆಳಿಗ್ಗೆ ಚಿತ್ರಾನ್ನ ಮಾಡಿಕೊಂಡು ಒಯ್ಯುತ್ತಿದ್ದೆ. ಅಂಗಡಿಯಲ್ಲಿ ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದರು, ಹಾಲಿನವಳು ‘ಹಿಂದಿನ್ ಮನಿಯಾಕಿ’ ಎನ್ನುತ್ತಿದ್ದಳು. ನನ್ನ ಹೆಸರನ್ನು ಯಾರೂ ಬಾಯಿಬಿಟ್ಟು ಕರೆಯದೆ ದಿನಗಳು ಹೋಗುತ್ತಿದ್ದವು.

ಟೆಲಿಫೋನಮ್ಮ ಸಂಜೆ ಊಟಕ್ಕೆ ಮೊದಲು ಯಾರೊಡನೆಯೋ ಮಾತಾಡುವುದು ಕೇಳಿಸುತ್ತಿತ್ತು. ಫೋನಿನಲ್ಲಿ ಇರಬೇಕೆಂದುಕೊಂಡಿದ್ದೆ. ಆದರೆ ಮಾತು ಒಂದೇ ಕಡೆಯದು. ಮಟನ್ ಅಂಗಡಿಯವರ ಕಾಲಿನ ಹುಣ್ಣು ಮಾಯಲಿ, ಹಾಲಿನವಳ ಮಗಳ ಹೆರಿಗೆ ಸುಸೂತ್ರವಾಗಲಿ, ಎದುರುಮನೆಯವರಿಗೆ ಸಿಟ್ಟು ಇಳಿಯಲಿ ಎನ್ನುತ್ತಿದ್ದರು. ಎದುರುಮನೆಯವರು ಹಿಂದಿನ ಕ್ರಿಸ್‌ಮಸ್‌ನಲ್ಲಿ ಹಾಡಲು ಬಂದವರನ್ನು ಗೇಟಿನಿಂದಲೇ ಓಡಿಸಿದವರು. ಅವರ ಹೆಸರನ್ನೂ ಟೆಲಿಫೋನಮ್ಮ ಬೇರೆಯವರ ಹೆಸರಿನ ಹಾಗೆಯೇ, ಧ್ವನಿ ಏರಿಸದೆ ಇಳಿಸದೆ ಹೇಳುತ್ತಿದ್ದರು. ಅದು ಪ್ರಾರ್ಥನೆ ಎಂದು ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ನಮ್ಮಲ್ಲಿ ದೇವರ ಮುಂದೆ ನಿಂತರೆ ತುಟಿ ಅಲ್ಲಾಡುವುದು, ಅಷ್ಟೇ.

ಒಂದು ಸಂಜೆ ಆ ಮಾತಿನ ನಡುವೆ ನನ್ನ ಹೆಸರು ಬಂತು. ಸ್ಟವ್ ಮುಂದೆ ಕುಳಿತಿದ್ದವಳು ಕರೆದರೇನೋ ಎಂದು ಎದ್ದು ನಿಂತೆ. ಕರೆದಿರಲಿಲ್ಲ. ‘ಹಿಂದ್ಗಡೆ ಇರೋ ಈ ಹೆಣ್ಮಗಳು ಸರಿಯಾಗಿ ಉಣ್ತಾ ಇಲ್ಲ ಸ್ವಾಮೀ, ನೋಡ್ಕೋ’ ಎಂದು ಹೇಳಿ ಮುಂದಿನ ಹೆಸರಿಗೆ ಹೋದರು. ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟೆ. ಮರುದಿನದಿಂದ ಆ ಹೊತ್ತಿಗೆ ಸದ್ದು ಬಾರದಂತೆ ಸ್ಟವ್ ಆರಿಸಿ ಕಾಯುತ್ತಿದ್ದೆ.

ಹಾಗೆ ಅವರೊಂದಿಗೆ ಮಾತು ಶುರುವಾಯಿತು. ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಾ, ಯಾರಿಗೂ ಹೇಳದ ನನ್ನ ಗಂಡನ ಕಥೆಯನ್ನು ಅವರಿಗೆ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಎಕ್ಸ್‌ಚೇಂಜಿನಲ್ಲಿ ಇಡೀ ತಾಲೂಕಿನ ಸುಖದುಃಖ ಕಿವಿಗೆ ಬಿದ್ದರೂ ಒಂದನ್ನೂ ಹೊರಗೆ ಬಿಡದವರು ಎಂದು ಸಾಹೇಬರ ಹೆಂಡತಿ ಮೊದಲೇ ಹೇಳಿದ್ದರು. ಕೊನೆಗೆ ಅವನ ಹೆಸರೇನು ಎಂದಷ್ಟೇ ಟೆಲಿಫೋನಮ್ಮ ಕೇಳಿದರು. ಹೇಳಿದೆ.

ಆ ಸಂಜೆಯೇ ಗೋಡೆಯಾಚೆಯಿಂದ ಅವನ ಹೆಸರು ಕೇಳಿಸಿತು. ಅವನ ಆರೋಗ್ಯ ಕಾಪಾಡು, ಅವನ ಮನಸ್ಸಿಗೆ ಬೆಳಕು ಕೊಡು, ಅವನು ಗಾಡಿ ಓಡಿಸುವಾಗ ಜೊತೆಗಿರು ಎಂದರು.

ನನ್ನ ಮೈಯೆಲ್ಲ ಉರಿಯಿತು. ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ಅವರ ಬಾಗಿಲಿಗೆ ಹೋದೆ.

‘ಅವನ ಹೆಸ್ರು ಯಾಕ್ ಹೇಳ್ತೀರಿ? ನನ್ನ ಬಾಳು ಹಾಳ್ ಮಾಡಿದವ್ನು ಅವ್ನು.’

‘ಗೊತ್ತು’ ಎಂದರು. ‘ಅವ್ನು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಅವನ ಹೆಸ್ರನ್ನೂ ಹೇಳೋರು ಒಬ್ರು ಇರ್ಲಿ ಅಂತ ಹೇಳ್ದೆ.’

‘ನಿಮ್ಮ ದೇವ್ರು ಅವನನ್ನ ಕ್ಷಮಿಸಿಬಿಟ್ರೆ ನನ್ನ ಗತಿ ಏನ್ರೀ?’

ಟೆಲಿಫೋನಮ್ಮ ಬೈಬಲ್ಲಿನ ಏನಾದರೂ ವಾಕ್ಯ ಹೇಳುತ್ತಾರೆ, ನಾನು ತಿರುಗಿ ಬೈಯಬಹುದು ಎಂದು ನಿಂತಿದ್ದೆ. ‘ಅದು ನಂಗೂ ಗೊತ್ತಿಲ್ಲ ಕಣೇ’ ಎಂದರು.

ನಾನು ಅವರೊಡನೆ ಮಾತು ಬಿಟ್ಟೆ. ಬಾಡಿಗೆಯನ್ನು ಅವರು ಇಲ್ಲದ ಹೊತ್ತು ನೋಡಿ ಕಿಟಕಿಯಲ್ಲಿಟ್ಟು ಬರುತ್ತಿದ್ದೆ. ಅವರು ನನ್ನನ್ನು ಒಲಿಸಿಕೊಳ್ಳಲು ಬರಲಿಲ್ಲ. ಪ್ರಾರ್ಥನೆಯನ್ನು ಮಾತ್ರ ಅಡುಗೆಮನೆಯಿಂದ ಮುಂದಿನ ಕೋಣೆಗೆ ಒಯ್ದರು, ನನ್ನ ಕಿವಿಗೆ ಬೀಳದಿರಲೆಂದು. ನನಗೆ ಬೇಕಾಗಿದ್ದದ್ದೂ ಅದೇ. ಆದರೆ ಸಂಜೆಯಾದರೆ ಗೋಡೆಯಾಚೆ ಏನೂ ಇಲ್ಲ. ಅವನ ಹೆಸರಿನ ಜೊತೆ ನನ್ನ ಹೆಸರೂ ನಿಂತುಹೋಗಿತ್ತು. ಅನ್ನ ಕುದಿಯುವ ಸದ್ದು, ಹೊರಗೆ ಬೈಕುಗಳು ಹೋಗುವ ಸದ್ದು. ಗಂಡ ಬಿಟ್ಟುಹೋದ ಮೇಲೂ ಅಷ್ಟು ಖಾಲಿಯೆನಿಸಿರಲಿಲ್ಲ ನನಗೆ.

ಆ ಖಾಲಿತನ ತಡೆಯಲಾರದೆ ಒಂದು ಭಾನುವಾರ, ಅವರು ಚರ್ಚಿಗೆ ಹೊರಟಾಗ ಗೇಟಿನಲ್ಲಿ ಅಡ್ಡ ನಿಂತೆ. ನನ್ನನ್ನೂ ಕರೆದುಕೊಂಡು ಹೋಗಿ, ನನ್ನನ್ನೂ ನಿಮ್ಮವರಲ್ಲಿ ಸೇರಿಸಿಕೊಳ್ಳಿ ಎಂದೆ. ಪಟವನ್ನು ಅಣ್ಣನ ಮನೆಗೆ ಕೊಟ್ಟು ಬರುತ್ತೇನೆ ಎಂದೂ ಹೇಳಿದೆ. ಕಣ್ಣು ಮುಖ ಎಲ್ಲ ಒದ್ದೆಯಾಗಿತ್ತು. ಅವರು ಕೊಡೆಯನ್ನು ಗೋಡೆಗೆ ಒರಗಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಂದು ಅವರು ಚರ್ಚಿಗೆ ಹೋಗಲಿಲ್ಲ.

‘ನಿಂಗೆ ಈಗ ಬೇಕಾಗಿರೋದು ಜೊತೆ’ ಎಂದರು. ‘ಅದಕ್ಕೆ ನಾನಿದೀನಿ. ಜೊತೆ ಸಿಗ್ಲಿ ಅಂತ ದೇವ್ರನ್ನ ಬದಲಾಯಿಸ್ಬೇಡ. ಅಳು ನಿಂತ್ಮೇಲೂ ಬೇಕು ಅನ್ನಿಸಿದ್ರೆ ಆವಾಗ ಮಾತಾಡಾಣ.’

ಅಂದು ಅವರು ಮಾಡಿದ ಉಪ್ಪಿಟ್ಟಿಗೆ ಉಪ್ಪು ಮರೆತಿದ್ದರು. ಇಬ್ಬರೂ ಹಾಗೆಯೇ ತಿಂದೆವು.

ಇಷ್ಟಾದರೂ ಊರಿನಲ್ಲಿ ಮಾತು ಹುಟ್ಟಿತು. ಆ ಕ್ರಿಶ್ಚನ್ ಮುದುಕಿ ನಿಮ್ಮ ತಂಗಿಯನ್ನು ತನ್ನ ಮತಕ್ಕೆ ಸೇರಿಸಿಕೊಳ್ಳುತ್ತಿದ್ದಾಳೆ ಎಂದು ಸಂತೆಯಲ್ಲಿ ಯಾರೋ ಅಣ್ಣನಿಗೆ ಹೇಳಿದ್ದರಂತೆ. ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದು ನನ್ನ ಕೋಣೆಯ ನಡುವೆ ನಿಂತು ಸುತ್ತ ನೋಡಿದ. ಪಟ ಗೋಡೆಯ ಮೇಲಿತ್ತು, ಎಣ್ಣೆದೀಪ ಇತ್ತು. ಟೆಲಿಫೋನಮ್ಮ ಕಾಫಿ ತಂದುಕೊಟ್ಟು, ಕುರಿಗಳಿಗೆ ಕಾಲುಬೇನೆ ಬಂದಿತ್ತಂತಲ್ಲ, ಈಗ ಹೇಗಿವೆ ಎಂದು ವಿಚಾರಿಸಿದರು. ಅವನು ಬಂದ ಕಾರಣವನ್ನು ಹೇಳದೆಯೇ ಹೋದ. ಅದು ಅವರಿಗೆ ಗೊತ್ತಾಗಿತ್ತು ಎಂದು ನನಗೂ ಗೊತ್ತಿತ್ತು. ಅಂದು ಸಂಜೆ ಅವರು ಎಂದಿಗಿಂತ ಬೇಗ ದೀಪ ಆರಿಸಿದರು. ಇಷ್ಟು ವರ್ಷ ಅದೇ ಬೀದಿಯಲ್ಲಿದ್ದು, ಒಬ್ಬ ಬಾಡಿಗೆಯವಳನ್ನು ಇಟ್ಟುಕೊಂಡದ್ದಕ್ಕೆ ಲೆಕ್ಕ ಒಪ್ಪಿಸಬೇಕಾಗಿ ಬಂದವರಿಗೆ ಎಷ್ಟು ಒಂಟಿಯೆನಿಸಿರಬೇಕು ಎಂದು ನಾನು ಮೊದಲ ಸಲ ಯೋಚಿಸಿದೆ.

ಅದಾದ ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಅಂಗಡಿಗೆ ಹೊರಟಿದ್ದಾಗ ಉಳವಿಯಿಂದ ಫೋನು ಬಂತು. ಗಂಡನ ಅಕ್ಕ. ‘ಅವ್ವ ಹೋದ್ಲು. ಮಧ್ಯಾಹ್ನ ಮಣ್ಣು. ನಿಂಗೆ ಹೇಳಾದು ನನ್ನ ಧರ್ಮ’ ಎಂದು ಇಟ್ಟುಬಿಟ್ಟಳು.

ಅತ್ತೆಯ ಮುಖ ನೋಡಬೇಕೆಂದು ಕರುಳು ಎಳೆಯುತ್ತಿತ್ತು. ಅಲ್ಲಿ ಅವನಿರುತ್ತಾನೆ, ಅವಳೂ ಇರುತ್ತಾಳೆ. ಒಬ್ಬಳೇ ಆ ಅಂಗಳಕ್ಕೆ ಕಾಲಿಡುವುದು ಹೇಗೆ? ಟೆಲಿಫೋನಮ್ಮನಿಗೆ ವಿಷಯ ಹೇಳಿದೆ, ಜೊತೆಗೆ ಬರುತ್ತೀರಾ ಎಂದು ಕೇಳುವ ಧೈರ್ಯ ಬರಲಿಲ್ಲ. ಅವರು ಒಳಗೆ ಹೋಗಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದರು.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಉಳವಿಯ ಬಸ್ಸಿಗಾಗಿ ಕಾದೆವು. ಟೆಲಿಫೋನಮ್ಮ ಹುಟ್ಟಿ ಬೆಳೆದ ಊರು ಅದು. ಆದರೆ ಅಲ್ಲಿ ಅವರನ್ನು ಗುರುತಿಸಿ ಮಾತಾಡಿಸಿದವರು ಯಾರೂ ಇರಲಿಲ್ಲ. ಅಡಿಕೆ ಚೀಲಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು, ಬಂದು ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಉಳವಿಯಲ್ಲಿ ಅಂಗಳದ ತುಂಬ ಜನ. ಗಂಡನ ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖ ಸಣ್ಣದಾಗಿತ್ತು. ನಾನು ಅವಳ ಪಾದ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ. ತಲೆ ಎತ್ತಿ ನೋಡಿದಾಗ ಪಕ್ಕದಲ್ಲಿ ಟೆಲಿಫೋನಮ್ಮ ಇರಲಿಲ್ಲ.

ಅವರು ಅಂಗಳದ ಆಚೆ, ಕೊಟ್ಟಿಗೆಯ ನೆರಳಿನಲ್ಲಿ ಕುಳಿತಿದ್ದರು. ಎದುರಿಗೆ ಒಬ್ಬ ಹೆಣ್ಣು, ಮಡಿಲಲ್ಲಿ ಕೂಸು. ಅವಳು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಸುತ್ತ ಒಂದು ಮಾರು ಜಾಗವನ್ನು ಜನ ಖಾಲಿ ಬಿಟ್ಟಿದ್ದರು. ಆ ಮನೆಗೆ ಅವಳು ಅಂದೇ ಮೊದಲು ಬಂದದ್ದಂತೆ. ಟೆಲಿಫೋನಮ್ಮ ಯಾರನ್ನೋ ಕೇಳಿ ಒಂದು ಚೊಂಬು ನೀರು ತರಿಸಿದರು. ತಮಗೆಂದುಕೊಂಡೆ. ಅದನ್ನು ಅವಳ ಕೈಗೆ ಕೊಟ್ಟರು. ಅವಳು ಗಟಗಟ ಕುಡಿದಳು, ನೀರು ಕೊರಳಿನ ಮೇಲೆಲ್ಲ ಇಳಿಯಿತು. ಕೂಸು ಅಳತೊಡಗಿದಾಗ ಟೆಲಿಫೋನಮ್ಮ ಅದನ್ನು ಎತ್ತಿ ತಮ್ಮ ತೊಡೆಯ ಮೇಲೆ ಹಾಕಿಕೊಂಡರು.

ನನ್ನ ಜೊತೆಗೆಂದು ಬಂದವರು ಹೋಗಿ ಅವಳ ಜೊತೆ ಕೂತರಲ್ಲ ಎಂದು ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಎದ್ದು ಅಲ್ಲಿಗೆ ಹೋದೆ. ಹೊರಡೋಣ ಎನ್ನಬೇಕೆಂದಿದ್ದೆ.

ಟೆಲಿಫೋನಮ್ಮ ನನ್ನ ಮುಖ ನೋಡಿದರು. ‘ಈ ಹುಡ್ಗಿ ಇನ್ನೂ ಮುಖ ನೋಡಿಲ್ವಂತೆ’ ಎಂದರು. ‘ಒಬ್ಳೇ ಹೋಗಕ್ಕೆ ಹೆದರ್ತಾಳೆ.’

ಅಷ್ಟೇ ಹೇಳಿದರು. ನೀನು ಕರೆದುಕೊಂಡು ಹೋಗು ಎನ್ನಲಿಲ್ಲ. ಮತ್ತೆ ಕೂಸಿನ ಕಡೆ ತಿರುಗಿ, ಅದರ ಹಣೆಯ ಮೇಲಿನ ನೊಣ ಓಡಿಸತೊಡಗಿದರು. ಆ ಹುಡುಗಿ ನನ್ನನ್ನು ನೋಡಲಾರದೆ ನೆಲ ನೋಡುತ್ತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕವಳು. ಕುತ್ತಿಗೆಯಲ್ಲಿ ಕರಿಮಣಿಯೂ ಇರಲಿಲ್ಲ, ಒಂದು ಅರಿಶಿನದ ದಾರ. ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ಊರಿಗೆಲ್ಲ ಕಳ್ಳಿಯಾಗಿ ಆ ಕೊಟ್ಟಿಗೆಯ ಪಕ್ಕದಲ್ಲಿ ಬೆಳಗಿನಿಂದ ಕೂತಿದ್ದವಳನ್ನು ನೋಡುತ್ತಾ ನಿಂತಾಗ, ನನ್ನ ಕೋಣೆಯ ಸಂಜೆಗಳು ನೆನಪಾದವು. ಯಾಕೆ ನೆನಪಾದವೋ ತಿಳಿಯದು. ‘ಬಾ’ ಎಂದೆ. ಅವಳು ಏಳಲಿಲ್ಲ. ಅವಳ ತೋಳು ಹಿಡಿದು ಎಬ್ಬಿಸಿದೆ.

ನಾವಿಬ್ಬರೂ ಅಂಗಳ ದಾಟುವಾಗ ಹೆಂಗಸರ ಅಳು ನಿಂತಿತು. ಅವಳೊಬ್ಬಳೇ ಬಂದಿದ್ದರೆ ಬಾಯಿಗೆ ಬಂದಂತೆ ಆಡುತ್ತಿದ್ದ ಹೆಂಗಸರು, ಅವಳ ತೋಳು ಹಿಡಿದವಳು ನಾನಾದ್ದರಿಂದ ಏನು ಹೇಳಬೇಕೆಂದು ತಿಳಿಯದೆ ಸರಿದು ದಾರಿ ಬಿಟ್ಟರು. ಅವಳು ಅತ್ತೆಯ ಮುಂದೆ ಮಂಡಿಯೂರಿ ಕೂತಳು. ಮುಟ್ಟಬಹುದೇ ಎಂಬಂತೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಾಗಿಲ ಬಳಿ ಅವನು ನಿಂತಿದ್ದ. ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡ.

ಮಣ್ಣು ಮುಗಿದ ಮೇಲೆ ನಾವು ರಸ್ತೆಗೆ ಬಂದು ಬಸ್ಸಿಗಾಗಿ ನಿಂತಿದ್ದೆವು. ಅವನು ಕೂಸನ್ನು ಎತ್ತಿಕೊಂಡು ಹಿಂದೆ ಬಂದ. ಕೂದಲು ಹಣ್ಣಾಗಿತ್ತು. ಎಷ್ಟೋ ವರ್ಷ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ನಾನು ಹುಡುಕಿದೆ. ಸಿಗಲಿಲ್ಲ. ‘ಕೂಸಿಗೆ ಬಿಸ್ಲು ಬಡೀತೈತಿ, ಮನಿಗ್ ಕರ್ಕೊಂಡ್ ಹೋಗು’ ಎಂದೆ. ಅವನು ಹೋದ.

ಬಸ್ಸಿನಲ್ಲಿ ಟೆಲಿಫೋನಮ್ಮ ನನ್ನನ್ನು ಹೊಗಳಲಿಲ್ಲ, ಏನನ್ನೂ ಕೇಳಲಿಲ್ಲ. ಸೊರಬ ಮುಟ್ಟುವ ಮೊದಲೇ ಬಾಯಿ ತೆರೆದುಕೊಂಡು ನಿದ್ದೆಹೋದರು. ತಲೆ ನನ್ನ ಭುಜದ ಮೇಲೆ ಬಿತ್ತು. ಶಿಕಾರಿಪುರಕ್ಕೆ ಬಂದು ಮನೆಯ ಬೀಗ ತೆಗೆಯುವಾಗ ನಾನೇ ಹೇಳಿದೆ: ‘ಇನ್ಮ್ಯಾಲೆ ಅಡಿಗಿಮನ್ಯಾಗೇ ಪ್ರಾರ್ಥನೆ ಮಾಡ್ರಿ. ಯಾರ ಹೆಸ್ರಾದ್ರೂ ಹೇಳ್ರಿ.’

ಅವರು ಹಾಗೆಯೇ ಮಾಡಿದರು. ಅವನ ಹೆಸರು ಕೇಳಿದಾಗ ಮೊದಮೊದಲು ಮಾಡುತ್ತಿದ್ದ ಕೆಲಸ ನಿಲ್ಲಿಸಿಬಿಡುತ್ತಿದ್ದೆ. ಆಮೇಲಾಮೇಲೆ ಮಟನ್ ಅಂಗಡಿಯವರ ಹೆಸರಿನ ಹಾಗೆ ಅದೂ ಬಂದು ಹೋಗುತ್ತಿತ್ತು. ಆ ಹುಡುಗಿಯ ಹೆಸರನ್ನೂ ಸೇರಿಸಿಕೊಂಡರು. ಅವಳು ನನಗೆ ಯಾವಾಗಲಾದರೊಮ್ಮೆ ಫೋನು ಮಾಡುತ್ತಿದ್ದಳು. ಕೂಸಿಗೆ ಜ್ವರ, ಹಲ್ಲು ಬಂತು, ಇಂಥ ಮಾತು. ನಮಗೆ ಹೆಚ್ಚು ಮಾತಾಡಲು ಬರುತ್ತಿರಲಿಲ್ಲ. ಗಂಡನ ಕಡೆಯವರು ಒಂದೆರಡು ಸಲ ಯಾರ ಮುಖಾಂತರವೋ ನೀನೂ ಬಂದು ಇರಬಹುದು ಎಂದು ಹೇಳಿಸಿದರು. ನಾನು ಹೋಗಲಿಲ್ಲ. ಸಿಟ್ಟಿನಿಂದಲ್ಲ. ಅಲ್ಲಿ ನನಗೆ ಇನ್ನು ಕೆಲಸವಿರಲಿಲ್ಲ.

ಅಳು ನಿಂತ ಮೇಲೆ ಮಾತಾಡೋಣ ಎಂದಿದ್ದರು. ಅಳು ನಿಂತಿತು. ನಾನು ಕೇಳಲಿಲ್ಲ, ಅವರೂ ನೆನಪಿಸಲಿಲ್ಲ. ಇಂದಿಗೂ ನಾನು ದೀಪ ಹಚ್ಚುವುದು ನಮ್ಮ ಮನೆದೇವರಿಗೇ. ಅವರಿಗೆ ಒಳಗೊಳಗೇ ಆಸೆಯಿತ್ತೋ ಏನೋ, ನನಗೆ ತಿಳಿಯದು. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಕಾಲಿಗೆ ಆದ ಗಾಯ ಮಾಯಲಿಲ್ಲ, ಆಸ್ಪತ್ರೆ ಸೇರಿದವರು ಮರಳಲಿಲ್ಲ. ಊರಿನಲ್ಲಿ ಅವರ ಚರ್ಚಿನ ಸಭೆಯ ಜನ ಕಡಿಮೆ, ಪೆಟ್ಟಿಗೆ ಹೊರಲು ಆಳು ಸಾಲದೆ ಸಾಹೇಬರೂ ಅವರ ದೊಡ್ಡ ಮಗನೂ ಹೆಗಲು ಕೊಟ್ಟರು. ಎದುರುಮನೆಯವರು ಬಾಗಿಲು ತೆರೆದು ನಿಂತಿದ್ದರು, ಗೇಟು ದಾಟಿ ಬರಲಿಲ್ಲ. ಸಮಾಧಿಯ ಹತ್ತಿರ ಸಭಾಪಾಲಕರು, ನೀವು ಅವರಿಗೆ ಏನಾಗಬೇಕು ಎಂದು ನನ್ನನ್ನು ಕೇಳಿದರು. ಬಾಡಿಗೆಗೆ ಇರುವವಳು ಎಂದೆ. ಬೇರೆ ಯಾವ ಸಂಬಂಧಕ್ಕೂ ಹೆಸರು ಸಿಗಲಿಲ್ಲ. ‘ಮುಂದೆ ಬಂದು ಮಣ್ಣು ಹಾಕಿ’ ಎಂದರು ಅವರು.

ಮನೆಯನ್ನು ಶಿವಮೊಗ್ಗದ ಅವರ ತಮ್ಮನ ಮಗ ಮಾರಿದ. ನನಗೆ ಬೇರೆ ಕೋಣೆ ನೋಡಿಕೊಳ್ಳಲು ಸಾಕಷ್ಟು ಸಮಯ ಕೊಟ್ಟ, ಒಳ್ಳೆಯವನೇ. ಈಗ ಅಂಗಡಿಯ ಮಹಡಿಯ ಮೇಲಿದ್ದೇನೆ. ನಾಲ್ಕು ಕಡೆಯೂ ಸಿಮೆಂಟಿನ ಗೋಡೆ, ಮೇಲೆ ಆರ್‌ಸಿಸಿ. ಒಂದು ಸದ್ದೂ ಒಳಗೆ ಬರುವುದಿಲ್ಲ.

ಭಾನುವಾರ ಅಂಗಡಿಗೆ ರಜೆ. ಮೊದಲಾದರೆ ಆ ದಿನ ಅವರ ಅಡುಗೆಮನೆಯಲ್ಲಿ ಕಳೆಯುತ್ತಿತ್ತು. ಮೊನ್ನೆ ಏನು ಮಾಡುವುದೆಂದು ತೋಚದೆ ಬಳ್ಳಿಗಾವಿಯ ಬಸ್ಸು ಹತ್ತಿದೆ. ಅಣ್ಣ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ. ಅತ್ತಿಗೆ ಅವನಿಗೆ ಬುತ್ತಿ ತಂದಿದ್ದಳು, ನನಗೂ ಒಂದು ರೊಟ್ಟಿ ಕೊಟ್ಟಳು. ಕೆಲಸದ ಬಗ್ಗೆ ಕೇಳಿದಳು. ಅವಳ ಮಂಡಿನೋವಿನ ಬಗ್ಗೆ ನಾನು ಕೇಳಿದೆ. ಇಷ್ಟು ವರ್ಷ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲವೋ ಏನೋ, ಬಹಳ ಹೊತ್ತು ಹೇಳಿದಳು. ಯಾವ ಮೆಟ್ಟಿಲು ಹತ್ತುವಾಗ ನೋಯುತ್ತದೆ, ಚಳಿಯಲ್ಲಿ ಹೇಗಿರುತ್ತದೆ, ಎಲ್ಲವನ್ನೂ. ನಾನು ಕೇಳುತ್ತಾ ಕುಳಿತೆ. ಬಿಸಿಲು ಇಳಿಯಿತು. ಇದ್ದು ಹೋಗು ಎಂದಳು. ನಾಳೆ ಕೆಲಸ ಐತಿ ಎಂದು ಹೇಳಿ ಎದ್ದು, ಹೊಲದ ಬದುವಿನ ಮೇಲೆ ನಡೆದು ರಸ್ತೆಗೆ ಬಂದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಅಲ್ಲಿ ನಾನೊಬ್ಬಳೇ ಇದ್ದೆ.